ಗವಾಯ್ ಹ್ಯಾಶ್: ಸರವಾಕ್‌ಗೆ ಬರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವ ತನಕ ಬೋರ್ನಿಯೊ ದ್ವೀಪದಲ್ಲಿರುವ ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ ಗವಾಯ್ ಎಂಬ ಸುಗ್ಗಿ ಹಬ್ಬದ ಗದ್ದಲ. ರಾಜಧಾನಿ ಕುಚಿಂಗ್‌ನಲ್ಲಿ ನೆಲೆಸಿರುವ ಅಥವಾ ಕೆಲಸದ ಮೇಲೆ ಬಂದಿರುವ ನಮ್ಮವರಿಗೆ ಈ ದಿನಗಳಲ್ಲಿ ಕಚೇರಿಯ ಗೆಳೆಯರಿಂದ ‘ಗವಾಯ್ ಹ್ಯಾಶ್’ಗೆ ಕರೆ ಬರುವುದುಂಟು. ಕಾಡಿನಲ್ಲಿ ಓಟ, ಆಮೇಲೆ ಅಕ್ಕಿಯ ಮದ್ಯ, ಆಮೇಲೆ ಗುರುತು ಪರಿಚಯವಿಲ್ಲದವರ ಮನೆಯಲ್ಲಿ ಊಟ ಎಂದು ಕೇಳಿದ ಕೂಡಲೇ ನೂರು ಅನುಮಾನ ಏಳುತ್ತವೆ. ಮತ್ತೆ ಮತ್ತೆ ಕಿವಿಗೆ ಬಿದ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಬಳಗದಿಂದ ಬಳಗಕ್ಕೆ ಪದ್ಧತಿ ಅಷ್ಟಿಷ್ಟು ಬದಲಾದರೂ ಮೂಲ ವ್ಯವಹಾರ ಎಲ್ಲ ಕಡೆ ಒಂದೇ.

ಹ್ಯಾಶ್ ಎಂದರೆ ಯಾವ ಬಗೆಯ ಓಟ? ಗೆದ್ದವರಿಗೆ ಏನು ಕೊಡುತ್ತಾರೆ?

ಗೆಲ್ಲುವವರೇ ಇರುವುದಿಲ್ಲ. ಸಮಯ ಅಳೆಯುವವರಿಲ್ಲ, ಪದಕವಿಲ್ಲ. ಮೊದಲು ಬಂದೆ ಎಂದು ಬೀಗಿದವರನ್ನು ಕೊನೆಗೆ ನಡುವೆ ನಿಲ್ಲಿಸಿ ಗೇಲಿ ಮಾಡುತ್ತಾರೆ.

ಇದು ಮೊಲ ಮತ್ತು ಬೇಟೆನಾಯಿಗಳ ಆಟ. ಒಬ್ಬಿಬ್ಬರು ‘ಮೊಲ’ಗಳಾಗಿ ಮುಂಚೆಯೇ ಕಾಡು, ತೋಟ, ಹಳ್ಳಗಳನ್ನು ಸುತ್ತಿ ಕಾಗದದ ಚೂರುಗಳನ್ನು ಉದುರಿಸುತ್ತಾ ಜಾಡು ಹಾಕಿ ಬಂದಿರುತ್ತಾರೆ. ಕೆಲವು ದೇಶಗಳಲ್ಲಿ ಇದಕ್ಕೆ ಹಿಟ್ಟು ಬಳಸುತ್ತಾರೆ. ಮಲೇಷ್ಯಾದಲ್ಲಿ ಕಾಗದವೇ ರೂಢಿ. ಉಳಿದವರೆಲ್ಲ ‘ನಾಯಿ’ಗಳು. ಕಾಗದ ಕಂಡವರು ‘ಆನ್ ಆನ್’ ಎಂದು ಕೂಗಬೇಕು, ಹಿಂದಿನವರು ಆ ಕೂಗು ಹಿಡಿದು ಬರಬೇಕು.

ಇದರ ಜಾಣತನ ಇರುವುದು ‘ಚೆಕ್’ ಎಂಬ ಜಾಗದಲ್ಲಿ. ಅಲ್ಲಿಗೆ ಜಾಡು ತಟ್ಟನೆ ನಿಂತುಬಿಡುತ್ತದೆ. ಮುಂದಿನ ಕಾಗದ ಯಾವ ದಿಕ್ಕಿನಲ್ಲಿದೆ ಎಂದು ಗಟ್ಟಿಗರು ನಾಲ್ಕೂ ಕಡೆ ಓಡಿ ಹುಡುಕಬೇಕು. ಮೊಲಗಳು ಬೇಕೆಂದೇ ಹಾಕಿದ ಸುಳ್ಳು ಜಾಡುಗಳೂ ಇರುತ್ತವೆ. ನೂರು ಮೀಟರ್ ಓಡಿ, ಏನೂ ಇಲ್ಲವೆಂದು ಬೈದುಕೊಂಡು ಹಿಂದಿರುಗಬೇಕು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಬಂದ ನಿಧಾನಿಗಳು ಚೆಕ್ ತಲುಪಿ, ಸುಧಾರಿಸಿಕೊಂಡು, ನಿಜವಾದ ದಾರಿ ಸಿಕ್ಕ ಕೂಗು ಕೇಳಿದ ಮೇಲೆ ಆರಾಮವಾಗಿ ಹೊರಡುತ್ತಾರೆ. ಬಲಶಾಲಿಗಳು ಎಂಟು ಕಿಲೋಮೀಟರ್ ಓಡುವಷ್ಟರಲ್ಲಿ ಉಳಿದವರು ಐದು ನಡೆದಿರುತ್ತಾರೆ, ಕೊನೆಗೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತಾರೆ.

ಈ ಹೆಸರು ಎಲ್ಲಿಂದ ಬಂತು?

ಕೆಟ್ಟ ಊಟದಿಂದ. ಕ್ವಾಲಾಲಂಪುರದ ಸೆಲಂಗೋರ್ ಕ್ಲಬ್‌ಗೆ ಸೇರಿದ ಒಂದು ಕಟ್ಟಡದಲ್ಲಿ ಬ್ರಿಟಿಷ್ ಅಧಿಕಾರಿಗಳೂ ಕಂಪನಿ ನೌಕರರೂ ಊಟ ಮಾಡುತ್ತಿದ್ದರು. ಅಲ್ಲಿನ ಸಪ್ಪೆ ಅಡುಗೆಗೆ ರೋಸಿ ಅದನ್ನು ‘ಹ್ಯಾಶ್ ಹೌಸ್’ ಎಂದು ಕರೆದರು (ಹ್ಯಾಶ್ ಎಂದರೆ ಇಂಗ್ಲಿಷ್‌ನಲ್ಲಿ ಮಾಂಸ, ಆಲೂಗಡ್ಡೆ ಕೊಚ್ಚಿ ಬೆರೆಸಿದ ಸಾದಾ ಅಡುಗೆ). ಆಲ್ಬರ್ಟ್ ಸ್ಟೀಫನ್ ಇಗ್ನೇಷಿಯಸ್ ಗಿಸ್ಪರ್ಟ್ ಎಂಬ ಲೆಕ್ಕಪರಿಶೋಧಕರು 1938ರ ಡಿಸೆಂಬರ್‌ನಲ್ಲಿ ಅಲ್ಲಿನ ಗೆಳೆಯರನ್ನು ಕಲೆಹಾಕಿ ಓಟ ಶುರುಮಾಡಿದಾಗ ಬಳಗಕ್ಕೂ ಅದೇ ಹೆಸರು ಅಂಟಿತು: ಹ್ಯಾಶ್ ಹೌಸ್ ಹ್ಯಾರಿಯರ್ಸ್. ಹ್ಯಾರಿಯರ್ ಎಂದರೆ ಮೊಲದ ಬೇಟೆಗೆ ಸಾಕುವ ನಾಯಿಯ ತಳಿ. ಗಿಸ್ಪರ್ಟ್ 1942ರ ಫೆಬ್ರುವರಿಯಲ್ಲಿ ಸಿಂಗಪುರದ ಯುದ್ಧದಲ್ಲಿ ಮಡಿದರು. ಉಳಿದ ಗೆಳೆಯರು 1946ರಲ್ಲಿ ಓಟವನ್ನು ಮತ್ತೆ ಆರಂಭಿಸಿದರು.

1950ರಲ್ಲಿ ಸಂಘಗಳ ನೋಂದಣಿ ಕಚೇರಿಗೆ ಬಳಗದ ಉದ್ದೇಶಗಳನ್ನು ಬರೆದುಕೊಡಬೇಕಾಗಿ ಬಂತು. ಸದಸ್ಯರ ಮೈಕಟ್ಟು ಕಾಪಾಡುವುದು, ವಾರಾಂತ್ಯದ ಕುಡಿತದ ಅಮಲನ್ನು ಇಳಿಸುವುದು, ಚೆನ್ನಾಗಿ ಬಾಯಾರಿಸಿಕೊಂಡು ಅದನ್ನು ಬಿಯರಿನಿಂದ ತಣಿಸುವುದು, ವಯಸ್ಸಾದವರಿಗೆ ‘ನಿಮಗೆ ಅನಿಸುವಷ್ಟು ವಯಸ್ಸೇನೂ ಆಗಿಲ್ಲ’ ಎಂದು ಮನಗಾಣಿಸುವುದು ಎಂದು ಬರೆದುಕೊಟ್ಟರು. ಸರ್ಕಾರಿ ಕಡತದಲ್ಲಿ ಇಷ್ಟು ಪ್ರಾಮಾಣಿಕವಾದ ಉದ್ದೇಶಪಟ್ಟಿ ಇನ್ನೊಂದಿರಲಾರದು.

1962ರಲ್ಲಿ ಸಿಂಗಪುರದಲ್ಲಿ ಬಳಗ ಹುಟ್ಟಿದ ನಂತರ ಇದು ಊರಿಂದೂರಿಗೆ ಹಬ್ಬಿತು. 1978ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ‘ಇಂಟರ್‌ಹ್ಯಾಶ್’ ನಡೆಯಿತು. ಎರಡು ವರ್ಷಕ್ಕೊಮ್ಮೆ ಎಲ್ಲ ದೇಶಗಳವರು ಸೇರುವ ಜಾತ್ರೆ ಅದು. 2002ರಲ್ಲಿ ನಮ್ಮ ಪಕ್ಕದ ಗೋವಾದಲ್ಲಿ, 2010ರಲ್ಲಿ ಇದೇ ಕುಚಿಂಗ್‌ನಲ್ಲಿ ಜರುಗಿತ್ತು.

ಗವಾಯ್ ಯಾವ ಹಬ್ಬ?

ಭತ್ತದ ಸುಗ್ಗಿ ಮುಗಿದ ಮೇಲೆ ದಯಾಕ್ ಜನ ಆಚರಿಸುವ ಹಬ್ಬ. ದಯಾಕ್ ಎನ್ನುವುದು ಸರವಾಕ್‌ನ ಇಬಾನ್, ಬಿಡಾಯುಹ್, ಒರಾಂಗ್ ಉಲು ಸಮುದಾಯಗಳಿಗೆ ಒಟ್ಟಾಗಿ ಬಳಕೆಯಲ್ಲಿರುವ ಹೆಸರು. ಇವರಲ್ಲಿ ಇಬಾನರದೇ ದೊಡ್ಡ ಸಂಖ್ಯೆ. ಗುಡ್ಡದ ಇಳಿಜಾರಿನಲ್ಲಿ ಕುರುಚಲು ಕಡಿದು, ಸುಟ್ಟು, ಮಳೆ ನಂಬಿ ಭತ್ತ ಬಿತ್ತುವುದು ಇವರ ಹಳೆಯ ಬೇಸಾಯ. ನಮ್ಮಲ್ಲಿ ಕುಮರಿ ಎನ್ನುತ್ತಿದ್ದೆವಲ್ಲ, ಅದೇ. ವರ್ಷದ ಮೊದಲ ತಿಂಗಳುಗಳಲ್ಲಿ ಕೊಯ್ಲಾಗಿ, ಭತ್ತ ಕಣಜ ಸೇರಿ, ಮುಂದಿನ ಹೊಲಕ್ಕೆ ಕತ್ತಿ ಹಿಡಿಯುವ ಮುನ್ನ ಸಿಗುವ ಬಿಡುವಿನಲ್ಲಿ ಈ ಹಬ್ಬ.

ಸುಗ್ಗಿಯ ಆರಾಧನೆ ಎಷ್ಟೋ ತಲೆಮಾರು ಹಳೆಯದು. ಆದರೆ ಹಿಂದೆ ಒಂದೊಂದು ಊರು ತನಗೆ ಅನುಕೂಲವಾದ ದಿನ ಆಚರಿಸುತ್ತಿತ್ತು. ಎಲ್ಲ ದಯಾಕರಿಗೂ ಒಂದೇ ದಿನ ಇರಲಿ ಎಂಬ ಮಾತು ಬಲಗೊಂಡದ್ದು 1957ರ ಒಂದು ರೇಡಿಯೊ ಚರ್ಚೆಯಿಂದ. ವಸಾಹತು ಸರ್ಕಾರ ‘ದಯಾಕ್ ದಿನ’ ಎಂದು ಒಪ್ಪಲು ಹಿಂಜರಿದು, ಎಲ್ಲರಿಗೂ ಸೇರಿಸಿ ‘ಸರವಾಕ್ ದಿನ’ ಎಂದಿತು. ಕೊನೆಗೆ 1964ರ ಸೆಪ್ಟೆಂಬರ್ 25ರಂದು ರಜೆಯ ಅಧಿಸೂಚನೆ ಹೊರಟು, 1965ರ ಜೂನ್ 1ರಂದು ಹಬ್ಬ ಅಧಿಕೃತವಾಗಿ ನಡೆಯಿತು. ಈಗ ಜೂನ್ 1 ಮತ್ತು 2 ಸರವಾಕ್‌ನಲ್ಲಿ ಸಾರ್ವಜನಿಕ ರಜೆ. ಪಕ್ಕದ ಸಬಾ ರಾಜ್ಯದಲ್ಲಿ ಮೇ 30, 31ರಂದು ಕಾಮಾತಾನ್ ಎಂಬ ಸುಗ್ಗಿ ಹಬ್ಬವಿದೆ. ಎರಡನ್ನೂ ಒಂದೇ ಎಂದು ಹೇಳಿ ಯಾರನ್ನೂ ಮುನಿಸಬೇಡಿ.

ಕುಡಿದು ಕುಣಿಯುವ ಓಟದ ಬಳಗಕ್ಕೂ ಸುಗ್ಗಿ ಹಬ್ಬಕ್ಕೂ ಏನು ನಂಟು?

ಶಾಸ್ತ್ರದ ನಂಟು ಏನೂ ಇಲ್ಲ. ಬಳಗದಲ್ಲಿರುವ ದಯಾಕ್ ಸದಸ್ಯರು ತಮ್ಮ ಹಬ್ಬಕ್ಕೆ ಗೆಳೆಯರನ್ನು ಕರೆಯುತ್ತಾರೆ. ಗೆಳೆಯರು ಹ್ಯಾಶ್‌ನವರಾದ್ದರಿಂದ ಸುಮ್ಮನೆ ಊಟಕ್ಕೆ ಬಾರದೆ ಓಡಿಕೊಂಡು ಬರುತ್ತಾರೆ, ಅಷ್ಟೇ. ಗವಾಯ್‌ನಲ್ಲಿ ಮನೆಯಿಂದ ಮನೆಗೆ ಹೋಗಿ ಉಣ್ಣುವ ‘ಙಾಬಾಂಗ್’ ಎಂಬ ರೂಢಿ ಮೊದಲಿನಿಂದಲೂ ಇದೆ. ಬಾಗಿಲಿಗೆ ಬಂದವರನ್ನು ಯಾರು, ಎಲ್ಲಿಯವರು ಎಂದು ವಿಚಾರಿಸುವ ಮೊದಲೇ ಕೈಗೆ ಲೋಟ ಕೊಡುವ ಜನ ಇವರು. ಕೆಸರು ಮೆತ್ತಿಕೊಂಡ ಮೂವತ್ತು ಮಂದಿ ಒಟ್ಟಿಗೇ ಬಂದರೂ ಕಂಗಾಲಾಗುವುದಿಲ್ಲ.

ಇನ್ನೊಂದು ಕಾರಣ ತೀರಾ ವ್ಯಾವಹಾರಿಕ. ತೆನೆ ನಿಂತ ಗದ್ದೆಯಲ್ಲಿ ಓಡಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಕೊಯ್ಲಾದ ಮೇಲೆ ಉಳಿಯುವ ಕೂಳೆ ನೆಲ ಓಟಕ್ಕೆ ಹೇಳಿ ಮಾಡಿಸಿದ್ದು.

ಹಾಗೆಂದು ಎರಡನ್ನೂ ಕಲಸಿ ಮೇಲೋಗರ ಮಾಡುವುದು ನನಗೆ ಒಗ್ಗುವುದಿಲ್ಲ. ಹ್ಯಾಶ್ ತನ್ನನ್ನೂ ಪರರನ್ನೂ ಗೇಲಿ ಮಾಡಲು ಹುಟ್ಟಿದ ಕೂಟ. ಗವಾಯ್ ಗೇಲಿಯ ವಸ್ತುವಲ್ಲ. ಜಾಡಿನ ಮೇಲೆ ಇರುವವರೆಗೆ ನೀವು ನಾಯಿ, ಅವರ ಮನೆಯ ಏಣಿ ಹತ್ತಿದ ಮೇಲೆ ಅತಿಥಿ. ಇದೊಂದು ಗೆರೆ ಗೊತ್ತಿದ್ದರೆ ಮುಂದಿನ ಅರ್ಧ ಪ್ರಶ್ನೆಗಳನ್ನು ಓದುವ ಅಗತ್ಯವೇ ಇಲ್ಲ.

ಓಟ ಹಬ್ಬದ ದಿನವೇ ಇರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಮೇ 31ರ ಸಂಜೆ ಮತ್ತು ಜೂನ್ 1 ಮನೆಮಂದಿಯ ದಿನಗಳು. ಕುಚಿಂಗ್‌ನಲ್ಲಿ ದುಡಿಯುವ ದಯಾಕರು ತಮ್ಮ ಊರಿಗೆ ಹೊರಟುಹೋಗಿರುತ್ತಾರೆ. ಅದಕ್ಕಿಂತ ಒಂದು ವಾರ ಮುಂಚೆ ಅಥವಾ ಜೂನ್‌ನ ಯಾವುದಾದರೂ ವಾರಾಂತ್ಯದಲ್ಲಿ ಓಟ ಇಡುವುದು ಎಲ್ಲರಿಗೂ ಒಳ್ಳೆಯದು. ನಿಖರ ದಿನ, ಜಾಗಗಳನ್ನು ನಿಮ್ಮನ್ನು ಕರೆದವರೇ ಹೇಳಬೇಕು.

ನಾನು ಓಟಗಾರನಲ್ಲ. ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ನಡೆದರೆ ಹೆಚ್ಚು. ಬರಬಹುದೇ?

ಬನ್ನಿ. ಅರ್ಧದಷ್ಟು ಜನ ನಡೆಯುವವರೇ. ಆದರೆ ಇದು ಕಲ್ಲು ಹಾಸಿದ ದಾರಿಯಲ್ಲ: ಜಾರುವ ಜೇಡಿಮಣ್ಣು, ಬೇರು, ಮೊಣಕಾಲುದ್ದ ಹಳ್ಳ, ಒಂದೇ ಮರದ ದಿಮ್ಮಿಯ ಸಂಕ. ಮಲೆನಾಡಿನ ತೋಟದಲ್ಲಿ ಬೆಳೆದವರಿಗೆ ಇದು ತವರು, ಬಯಲುಸೀಮೆಯವರಿಗೆ ಮೊದಲ ಅರ್ಧ ಗಂಟೆ ಕಷ್ಟ. ಗುಡ್ಡ ಹತ್ತುವುದಕ್ಕಿಂತ ಸೆಕೆಯೇ ಹೆಚ್ಚು ಸುಸ್ತು ಮಾಡುತ್ತದೆ. ಕುಚಿಂಗ್ ಭೂಮಧ್ಯರೇಖೆಯಿಂದ ಬರೇ ಒಂದೂವರೆ ಡಿಗ್ರಿ ಉತ್ತರಕ್ಕಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಜೂನ್ ಇಲ್ಲಿ ಕಡಿಮೆ ಮಳೆಯ ಕಾಲ. ಆದರೆ ‘ಕಡಿಮೆ’ ಎಂಬುದನ್ನು ಇಲ್ಲಿನವರ ಲೆಕ್ಕದಲ್ಲಿ ತೆಗೆದುಕೊಳ್ಳಿ.

ಏನು ತೊಡಬೇಕು? ಇಂಬಳ ಇರುತ್ತವೆಯೇ?

ಹಳೆಯ ಬೂಟು, ಉದ್ದ ಕಾಲುಚೀಲ, ಹರಿದರೂ ಚಿಂತೆಯಿಲ್ಲದ ಅಂಗಿ. ಬೂಟಿನ ತಳ ಹಲ್ಲು ಹಲ್ಲಾಗಿರಬೇಕು. ಇಲ್ಲಿನ ತೋಟಗಾರರು ತೊಡುವ ಕಪ್ಪು ರಬ್ಬರ್ ಬೂಟನ್ನೇ ಹಾಕಿಕೊಂಡು ಓಡುವವರೂ ಇದ್ದಾರೆ. ಅಗ್ಗವಾದದ್ದು, ಜಾರದು, ತೊಳೆದರೆ ಹೊಸದು. ಬದಲಿ ಬಟ್ಟೆ, ಒಂದು ಟವೆಲ್, ಚಪ್ಪಲಿ ಕಾರಿನಲ್ಲಿರಲಿ. ಆ ಅವತಾರದಲ್ಲೇ ಯಾರ ಮನೆಗೂ ನುಗ್ಗುವಂತಿಲ್ಲ.

ಇಂಬಳ ಧಾರಾಳವಾಗಿವೆ. ಆಗುಂಬೆಯಲ್ಲಿ ಕಾಲಿಟ್ಟವರಿಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಯಾವುದಾದರೂ ಸರಿ. ಅದಕ್ಕಿಂತ ನಾನು ಹೆದರುವುದು ಇಲಿಜ್ವರಕ್ಕೆ. ಕಾಲಿನಲ್ಲಿ ಆಗಲೇ ಗಾಯವಿದ್ದರೆ ನಿಂತ ನೀರಿಗೆ ಇಳಿಯಬೇಡಿ. ಓಟದ ನಂತರದ ಒಂದೆರಡು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ ಕಾಡಿನ ಕೆಸರು ನೀರಿನಲ್ಲಿ ಓಡಿದ್ದನ್ನು ಮರೆಯದೆ ಹೇಳಿ.

ದಾರಿ ತಪ್ಪಿದರೆ ಏನು ಗತಿ?

ಕೊನೆಯ ಕಾಗದ ಕಂಡ ಜಾಗಕ್ಕೆ ಹಿಂದಿರುಗಿ ನಿಲ್ಲಿ, ಕೂಗಿ. ಶಿಳ್ಳೆ ಇದ್ದರೆ ಊದಿ. ‘ಹೇಗೂ ಕೆಳಗಿಳಿದರೆ ಹೊಳೆ ಸಿಗುತ್ತದೆ, ಹೊಳೆ ಹಿಡಿದರೆ ಊರು ಸಿಗುತ್ತದೆ’ ಎಂಬ ತರ್ಕ ಬೇಡ. ಜೂನ್‌ನಲ್ಲಿ ಕುಚಿಂಗ್‌ನ ಸೂರ್ಯ ಸಂಜೆ 6.45ರ ಸುಮಾರಿಗೆ ಮುಳುಗುತ್ತಾನೆ, ಮರಗಳ ಅಡಿಯಲ್ಲಿ ಅದಕ್ಕಿಂತ ಅರ್ಧ ಗಂಟೆ ಮುಂಚೆಯೇ ಕತ್ತಲು. ಮುಸ್ಸಂಜೆ ಎಂಬುದು ಇಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಮಧ್ಯಾಹ್ನದ ಓಟವಾದರೂ ಜೇಬಿನಲ್ಲಿ ಟಾರ್ಚ್ ಇರಬೇಕು. ಹೊರಡುವಾಗ ಹೆಸರು ಬರೆಸಿ, ಬಂದ ಮೇಲೆ ಹೊಡೆದುಹಾಕಿಸಿ. ಹೇಳದೆ ಮನೆಗೆ ಹೋಗಿ ಮಲಗಿದವರನ್ನು ಹುಡುಕಿ ಉಳಿದವರು ಕಾಡು ಅಲೆದರೆ ಅದನ್ನು ಯಾರೂ ತಮಾಷೆ ಎಂದುಕೊಳ್ಳುವುದಿಲ್ಲ.

ಬೇರೆಯವರ ತೋಟ ಗದ್ದೆಗಳಲ್ಲಿ ಓಡುವುದಕ್ಕೆ ಯಾರೂ ಏನೂ ಅನ್ನುವುದಿಲ್ಲವೇ?

ಕೇಳಿ ಓಡಿದರೆ ಅನ್ನುವುದಿಲ್ಲ. ಮೊಲಗಳು ಊರಿನ ಮುಖ್ಯಸ್ಥರ ಒಪ್ಪಿಗೆ ಪಡೆದೇ ಜಾಡು ಹಾಕಬೇಕು. ರಬ್ಬರ್ ತೋಟ, ಹಣ್ಣಿನ ತೋಟ, ಮೆಣಸಿನ ತೋಟ ಹೀಗೆ ದಾರಿ ಸಾಗುತ್ತದೆ. ಕರಿಮೆಣಸು ಸರವಾಕ್‌ನ ಹೆಸರಾಂತ ಬೆಳೆ. ಶಿರಸಿ, ಮಡಿಕೇರಿ ಕಡೆಯವರು ಇಲ್ಲಿ ಒಂದು ಕ್ಷಣ ನಿಂತುಬಿಡುತ್ತಾರೆ: ಬಳ್ಳಿ ಅಡಿಕೆ ಮರಕ್ಕೋ ಸಿಲ್ವರ್ ಓಕ್‌ಗೋ ಹಬ್ಬಿರುವುದಿಲ್ಲ, ಬೆಲಿಯಾನ್ ಎಂಬ ಕಬ್ಬಿಣದಂಥ ಮರದ ಕಂಬಗಳಿಗೆ ಹಬ್ಬಿರುತ್ತದೆ. ನೆರಳಿಲ್ಲದ ಬಟ್ಟಬಯಲಿನಲ್ಲಿ ಕಂಬಗಳ ಸಾಲು. ನೋಡಿ, ಹಿಡಿದು ಅಲ್ಲಾಡಿಸಬೇಡಿ.

ಮೊಲಗಳಾಗುವವರಿಗೆ ಒಂದು ಮಾತು. ಇಬಾನ್ ಊರುಗಳ ಪಕ್ಕದಲ್ಲಿ ಕಡಿಯದೆ ಬಿಟ್ಟ ದಟ್ಟ ಮರಗಳ ತೋಪು ಕಂಡರೆ ಅದು ಸ್ಮಶಾನವಾಗಿರಬಹುದು, ‘ಪೆಂದಾಮ್’ ಎನ್ನುತ್ತಾರೆ. ನಕ್ಷೆಯಲ್ಲಿ ಅದು ಚಂದದ ಅಡ್ಡದಾರಿಯಂತೆ ಕಾಣುತ್ತದೆ. ಅಲ್ಲಿ ಕಾಗದ ಉದುರಿಸಬಾರದು. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಜಾಡು ಹಾಕಿದರೆ ಈ ತೊಂದರೆ ಬರುವುದಿಲ್ಲ. ಕಾಗದ ಮಳೆಗೆ ಕರಗುತ್ತದೆ ಎಂಬ ಧೈರ್ಯದಲ್ಲಿ ಪ್ಲಾಸ್ಟಿಕ್ ಪಟ್ಟಿಗಳನ್ನೂ ಮರಕ್ಕೆ ಕಟ್ಟಿ ಬರುವವರಿದ್ದಾರೆ. ಕಟ್ಟಿದವರೇ ಬಿಚ್ಚಿ ತರಲಿ.

ಓಟದ ನಂತರದ ‘ಸರ್ಕಲ್’ ಎಂದರೇನು? ಮಂಜುಗಡ್ಡೆಯ ಮೇಲೆ ಕೂರಿಸುತ್ತಾರಂತೆ, ನಿಜವೇ?

ನಿಜ. ಎಲ್ಲರೂ ದುಂಡಗೆ ನಿಲ್ಲುತ್ತಾರೆ. ಗ್ರ್ಯಾಂಡ್ ಮಾಸ್ಟರ್ ಎನ್ನಿಸಿಕೊಂಡವರು ನಡುವೆ. ಹೊಸಬರು, ಮೊಲಗಳು, ಅಡ್ಡದಾರಿ ಹಿಡಿದವರು, ಹೊಸ ಬೂಟು ಹಾಕಿಕೊಂಡು ಬಂದವರು, ಓಟದ ನಡುವೆ ಫೋನಿನಲ್ಲಿ ಕಚೇರಿಯ ಮಾತಾಡಿದವರು ಹೀಗೆ ಒಬ್ಬೊಬ್ಬರ ಮೇಲೂ ಆರೋಪ. ವಿಚಾರಣೆ ಇಲ್ಲ, ಶಿಕ್ಷೆ ಮಾತ್ರ. ದೊಡ್ಡ ಮಂಜುಗಡ್ಡೆಯ ಮೇಲೆ ಕೂತು ಲೋಟದಲ್ಲಿದ್ದುದನ್ನು ಒಂದೇ ಗುಟುಕಿಗೆ ಮುಗಿಸಬೇಕು. ಮುಗಿಯದಿದ್ದರೆ ಉಳಿದದ್ದನ್ನು ತಲೆಯ ಮೇಲೆ ಸುರಿದುಕೊಳ್ಳಬೇಕು. ಕೆಲವು ಓಟಗಳಾದ ಮೇಲೆ ನಿಮಗೊಂದು ಅಡ್ಡಹೆಸರು ಇಡುತ್ತಾರೆ, ಅದು ಬಹುತೇಕ ಅಮ್ಮನೆದುರು ಹೇಳಲಾಗದಂಥದ್ದು. ಕಂಪನಿಯ ನಿರ್ದೇಶಕರೂ ಕಾರು ಚಾಲಕರೂ ಅದೇ ಹೆಸರುಗಳಲ್ಲಿ ಪಕ್ಕಪಕ್ಕ ನಿಲ್ಲುವುದು ಈ ಬಳಗದಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ.

ಗವಾಯ್ ಹ್ಯಾಶ್‌ನಲ್ಲಿ ಬಿಯರಿನ ಜಾಗಕ್ಕೆ ತುವಾಕ್ ಎಂಬ ಅಕ್ಕಿಯ ಮದ್ಯ ಬರುತ್ತದೆ, ಗಾಂಗ್ ಬಾರಿಸುತ್ತಾರೆ. ಸರ್ಕಲ್‌ನ ಹಾಡುಗಳು ಪೋಲಿಯವು. ಅವನ್ನು ಊರಾಚೆ, ವಾಹನ ನಿಲ್ಲಿಸಿದ ಜಾಗದಲ್ಲೇ ಹಾಡಿ ಮುಗಿಸಬೇಕು. ಹಬ್ಬಕ್ಕೆ ಬಂದ ಮಕ್ಕಳು, ಅಜ್ಜಿಯರ ಎದುರು ಅವು ಬೇಡವೇ ಬೇಡ. ‘ಅವರಿಗೆ ಇಂಗ್ಲಿಷ್ ಗೊತ್ತಾಗುವುದಿಲ್ಲ’ ಎಂಬುದು ಸುಳ್ಳು ಸಮಾಧಾನ, ಚೆನ್ನಾಗಿಯೇ ಗೊತ್ತಾಗುತ್ತದೆ.

ನಾನು ಮದ್ಯ ಮುಟ್ಟುವುದಿಲ್ಲ. ಒತ್ತಾಯ ಮಾಡುತ್ತಾರೆಯೇ?

ಸರ್ಕಲ್‌ನಲ್ಲಿ ನೀರು ಅಥವಾ ಶರಬತ್ತು ಕೇಳಿ, ಕೊಡುತ್ತಾರೆ. ಒಂದಿಷ್ಟು ಗೇಲಿ ಇರುತ್ತದೆ, ಕುಡಿದವರಿಗೂ ಇರುತ್ತದೆ.

ಮನೆಯೊಳಗೆ ಮಾತ್ರ ನಿರಾಕರಿಸುವ ಕ್ರಮ ತಿಳಿದಿರಬೇಕು. ನೀಡಿದ್ದನ್ನು ಮುಟ್ಟದೆ ಬಿಟ್ಟು ಹೋದರೆ ದಾರಿಯಲ್ಲಿ ಕೇಡು ಕಾದಿರುತ್ತದೆ ಎಂಬ ನಂಬಿಕೆ ಇಬಾನರಲ್ಲಿದೆ. ಹಾವು ಕಚ್ಚುವುದು, ದೋಣಿ ಮಗುಚುವುದು ಇಂಥ ಕೇಡು. ಅದಕ್ಕೆ ‘ಪುನಿ’ ಎನ್ನುತ್ತಾರೆ. ಆದ್ದರಿಂದ ಕೈ ಬೀಸಿ ಬೇಡ ಎನ್ನಬಾರದು. ಲೋಟದ ಅಂಚನ್ನೋ ತಟ್ಟೆಯನ್ನೋ ಬೆರಳ ತುದಿಯಿಂದ ಮುಟ್ಟಿ, ತುಟಿಗೆ ತಾಗಿಸಿಕೊಳ್ಳಬೇಕು, ಪ್ರಸಾದವನ್ನು ನಾವು ಕಣ್ಣಿಗೊತ್ತಿಕೊಂಡಂತೆ. ಅಷ್ಟಾದರೆ ಕೊಟ್ಟವರ ಮನಸ್ಸಿಗೂ ಸಮಾಧಾನ, ನಿಮ್ಮ ವ್ರತಕ್ಕೂ ಭಂಗವಿಲ್ಲ. ದಯಾಕರ ಮನೆಗೆ ಮುಸ್ಲಿಂ ನೆಂಟರು, ಗೆಳೆಯರು ಬರುವುದು ಸಾಮಾನ್ಯ ಸಂಗತಿ. ಅವರಿಗೆ ಬೇರೆ ಪಾತ್ರೆ, ಬೇರೆ ಊಟ ತರಿಸಿಡುವ ಮನೆಗಳೆಷ್ಟೋ. ಕುಡಿಯದವರು ಇಲ್ಲಿನವರಿಗೆ ಅಪರೂಪದ ಪ್ರಾಣಿಗಳಲ್ಲ.

ತುವಾಕ್ ಎಷ್ಟು ಬಲವಾದದ್ದು? ಕುಡಿದು ಕಾರು ಓಡಿಸಬಹುದೇ?

ಜಿಗುಟು ಅಕ್ಕಿಯ ಅನ್ನವನ್ನು ಆರಿಸಿ, ರಾಗಿ ಎಂಬ ಹುದುಗಿನ ಬಿಲ್ಲೆಗಳನ್ನು ಪುಡಿ ಮಾಡಿ ಬೆರೆಸಿ, ಜಾಡಿಯಲ್ಲಿ ಮುಚ್ಚಿಟ್ಟು, ಸಕ್ಕರೆ ನೀರು ಸೇರಿಸಿ ವಾರಗಟ್ಟಲೆ ಹುಳಿಯಲು ಬಿಟ್ಟದ್ದು ತುವಾಕ್. (ಹೌದು, ಹುದುಗಿಗೆ ಇಲ್ಲಿ ರಾಗಿ ಎನ್ನುತ್ತಾರೆ, ಮುದ್ದೆ ಸಿಗುತ್ತದೆ ಎಂದು ಆಸೆಪಡಬೇಡಿ.) ಸಿಹಿಯಾಗಿರುತ್ತದೆ, ತಣ್ಣಗಿರುತ್ತದೆ, ಬಿಯರಿಗಿಂತ ಬಲವಾಗಿರುತ್ತದೆ. ಒಂದೊಂದು ಮನೆಯದು ಒಂದೊಂದು ಕಸುವು. ಮೂರನೆಯ ಮನೆ ದಾಟುವವರೆಗೂ ಏನೂ ಆಗಿಲ್ಲ ಎನಿಸುವುದೇ ಅದರ ಮೋಸ. ಬಣ್ಣವಿಲ್ಲದ, ಗಂಟಲು ಸುಡುವ ಇನ್ನೊಂದು ಪಾನೀಯ ಬಂದರೆ ಅದು ಲಂಕಾವ್, ಬಟ್ಟಿ ಇಳಿಸಿದ್ದು. ಓಡಿ ಬೆವರು ಸುರಿಸಿದ ಹೊಟ್ಟೆಗೆ ಅದು ಖಂಡಿತ ಬೇಡ. ಮೊದಲು ನೀರು, ಆಮೇಲೆ ಅನ್ನ, ಆಮೇಲೆ ಉಳಿದದ್ದು.

ಕಾರು ಓಡಿಸುವಂತಿಲ್ಲ. 2020ರ ಅಕ್ಟೋಬರ್‌ನಿಂದ ಮಲೇಷ್ಯಾದಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ಮೊದಲು 80 ಇತ್ತು. ಜೈಲು, ದಂಡ ಎರಡೂ ಕಠಿಣ. ಕುಡಿಯದ ಒಬ್ಬರನ್ನು ಚಾಲಕರಾಗಿ ಮೊದಲೇ ಗೊತ್ತುಮಾಡಿ ಅಥವಾ ವ್ಯಾನ್ ಬಾಡಿಗೆಗೆ ಹಿಡಿಯಿರಿ. ಹಿಂದಿನ ಪ್ರಶ್ನೆ ಕೇಳಿದವರಿಗೆ ಈಗ ಬೇಡಿಕೆ ಎಷ್ಟು ಹೆಚ್ಚುತ್ತದೆ ನೋಡಿ.

ಉದ್ದಮನೆಗೆ ಹೋದಾಗ ಹೇಗೆ ನಡೆದುಕೊಳ್ಳಬೇಕು?

ಒಂದೇ ಸೂರಿನಡಿ ಹತ್ತಾರು ಕುಟುಂಬಗಳು ಸಾಲಾಗಿ ಬಾಳುವ ಮನೆ ಇದು. ಪ್ರತಿ ಕುಟುಂಬಕ್ಕೆ ‘ಬಿಲಿಕ್’ ಎಂಬ ಸ್ವಂತ ಭಾಗ. ಎಲ್ಲ ಬಾಗಿಲುಗಳ ಮುಂದೆ ಈ ತುದಿಯಿಂದ ಆ ತುದಿಗೆ ಹಾಯುವ ‘ರುವಾಯ್’ ಎಂಬ ಮುಚ್ಚಿದ ಜಗಲಿ. ಅದರಾಚೆ ಭತ್ತ ಒಣಗಿಸುವ ಬಯಲು ಅಟ್ಟ ‘ತಂಜು’. ಕುಚಿಂಗ್‌ನಿಂದ ಸುಮಾರು 60 ಕಿಲೋಮೀಟರ್ ದೂರದ ಅನಾ ರಾಯಿಸ್‌ನ ಬಿಡಾಯುಹ್ ಮನೆಯನ್ನು ಪ್ರವಾಸಿಗಳೆಲ್ಲ ನೋಡುತ್ತಾರೆ. ಇಬಾನರ ಉದ್ದಮನೆಗಳು ಶ್ರೀ ಅಮಾನ್, ಬೆತೊಂಗ್, ಬಾತಾಂಗ್ ಆಯ್ ಕಡೆ, ಮೂರು ನಾಲ್ಕು ಗಂಟೆಯ ಹಾದಿ. ಎಲ್ಲ ಗವಾಯ್ ಹ್ಯಾಶ್‌ಗಳೂ ಉದ್ದಮನೆಯಲ್ಲೇ ಮುಗಿಯುವುದಿಲ್ಲ. ನಗರದಂಚಿನ ಬಡಾವಣೆಯ ಹೆಂಚಿನ ಮನೆಯಲ್ಲೂ ಹಬ್ಬದ ಊಟ ಅಷ್ಟೇ ಸೊಗಸು.

ಮೊದಲು ‘ತುವಾಯ್ ರುಮಾಹ್’, ಅಂದರೆ ಮನೆಯ ಯಜಮಾನರನ್ನು ಕಂಡು ಕೈಕುಲುಕಿ. ಪಾದರಕ್ಷೆ ಕಳಚಿ. ಹಾಸಿದ ಚಾಪೆಯ ಮೇಲೆ ಕೂತ ಹಿರಿಯರ ಮುಂದೆ ಹಾಯುವಾಗ ಸ್ವಲ್ಪ ಬಾಗಿ ಹೋಗಿ. ಬರಿಗೈಯಲ್ಲಿ ಹೋಗಬೇಡಿ: ಬಿಸ್ಕತ್ತು, ಹಣ್ಣು, ಸಕ್ಕರೆ, ಕಾಫಿಪುಡಿ ಏನಾದರೂ ಸರಿ. ಚಿಕ್ಕಮಗಳೂರಿನ ಕಾಫಿಪುಡಿ ತಂದುಕೊಟ್ಟರೆ ಮಾತಿಗೆ ಒಳ್ಳೆಯ ಪೀಠಿಕೆಯಾಗುತ್ತದೆ. ಮನೆಯಲ್ಲಿ ಸಾವಿನ ಸೂತಕವಿದೆ ಎಂದು ತಿಳಿದರೆ ಏಣಿಯನ್ನೇ ಹತ್ತಬೇಡಿ. ಹಳೆಯ ಮನೆಗಳಲ್ಲಿ ತೂಗುಹಾಕಿದ ತಲೆಬುರುಡೆಗಳನ್ನು ಕಾಣುತ್ತೀರಿ. ಅವು ಆ ಮನೆಯ ಪೂರ್ವಿಕರ ಚರಿತ್ರೆ, ನಿಮ್ಮ ಸೆಲ್ಫಿಯ ಸಾಮಗ್ರಿಯಲ್ಲ.

‘ಗಾಯು ಗುರು, ಗೆರಾಯ್ ನ್ಯಾಮಾಯ್’ ಎಂಬ ಹಾರೈಕೆಯನ್ನು ಬಾಯಿಪಾಠ ಮಾಡಿಕೊಂಡು ಬನ್ನಿ. ದೀರ್ಘಾಯುಷ್ಯ, ಆರೋಗ್ಯ, ನೆಮ್ಮದಿಗಳನ್ನು ಕೋರುವ ಮಾತು. ಕುಣಿಯಲು ಕರೆದರೆ ಕುಣಿಯಿರಿ. ‘ಙಾಜಾತ್’ ನೃತ್ಯ ಹೊರಗಿನಿಂದ ನೋಡುವವರಿಗೆ ನಿಧಾನ, ಸುಲಭ. ಒಂದು ಕಾಲಿನ ಮೇಲೆ ನಿಂತು ಕೈ ಹರಡಿದಾಗ ನಿಜಸ್ಥಿತಿ ತಿಳಿಯುತ್ತದೆ. ಎಲ್ಲರೂ ನಗುತ್ತಾರೆ. ನಗಲಿ, ಈಗ ಅವರ ಸರದಿ.

ಹಬ್ಬದ ಶಾಸ್ತ್ರಗಳನ್ನು ನೋಡಲು ಬಿಡುತ್ತಾರೆಯೇ? ಫೋಟೊ ತೆಗೆಯಬಹುದೇ?

ಮೇ 31ರ ಸಂಜೆಗೇ ಕರೆ ಬಂದರೆ ನೀವು ಅದೃಷ್ಟವಂತರು, ಹೋಗಿ. ಅಂದು ಮೊದಲಿಗೆ ನಡೆಯುವುದು ದುರಾಸೆಯ ಭೂತವನ್ನು ಹೊರಗಟ್ಟುವ ಶಾಸ್ತ್ರ, ‘ಮುವಾಯ್ ಆಂತು ರುವಾ’. ಇಬ್ಬರು ಮಕ್ಕಳೋ ದೊಡ್ಡವರೋ ಒಂದು ಮೊರವನ್ನು ರುವಾಯ್ ಉದ್ದಕ್ಕೂ ಎಳೆದುಕೊಂಡು ಹೋಗುತ್ತಾರೆ. ಪ್ರತಿ ಬಾಗಿಲಿನಲ್ಲೂ ಮನೆಯವರು ತಮಗೆ ಬೇಡವಾದ ಒಂದು ವಸ್ತುವನ್ನು ಅದಕ್ಕೆ ಎಸೆಯುತ್ತಾರೆ. ಕೊನೆಯ ತುದಿಗೆ ಬಂದಾಗ ಅಷ್ಟನ್ನೂ ಕೆಳಗೆ ನೆಲಕ್ಕೆ ಸುರಿದುಬಿಡುತ್ತಾರೆ. ಕಣಜ ತುಂಬಿದ ದಿನವೇ ಮೊದಲು ದುರಾಸೆಯನ್ನು ಹೊರಗೆ ಹಾಕುವುದು! ಇಡೀ ಹಬ್ಬದಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ಸೂರ್ಯ ಮುಳುಗುವ ಹೊತ್ತಿಗೆ ‘ಮಿರಿಂಗ್’. ಅನ್ನ, ಮೊಟ್ಟೆ, ಅರಳು, ವೀಳ್ಯ, ತುವಾಕ್‌ಗಳನ್ನು ತಟ್ಟೆಗಳಲ್ಲಿ ಬಡಿಸಿ, ‘ಪುವಾ ಕುಂಬು’ ಎಂಬ ಕೈಮಗ್ಗದ ಬಟ್ಟೆ ಹಾಸಿ, ದೇವತೆಗಳಿಗೂ ಪೂರ್ವಿಕರಿಗೂ ನೈವೇದ್ಯ ಮಾಡುತ್ತಾರೆ. ಹುಂಜವನ್ನು ಹಿಡಿದು ಎಡೆಯ ಮೇಲೆ ನಿವಾಳಿಸುತ್ತಾರೆ. ಮಂತ್ರದಂಥ ದೀರ್ಘ ಪಠಣ ನಡೆಯುತ್ತದೆ. ಅದನ್ನು ಬಾಯಿಪಾಠ ಬಲ್ಲ ‘ಲೆಮಾಂಬಾಂಗ್’ ಎಂಬ ಹಾಡುಗಾರರು ಈಗ ಕಡಿಮೆಯಾಗುತ್ತಿದ್ದಾರೆ. ನಡುರಾತ್ರಿಗೆ ಗಾಂಗ್ ಬಾರಿಸಿ, ಎಲ್ಲರೂ ಒಟ್ಟಿಗೆ ‘ಆಯ್ ಪೆಂಗಾಯು’, ಅಂದರೆ ಆಯುಷ್ಯದ ಪಾನ, ಕುಡಿದು ಹಾರೈಸಿಕೊಳ್ಳುತ್ತಾರೆ.

ದಯಾಕರಲ್ಲಿ ಬಹಳಷ್ಟು ಮಂದಿ ಈಗ ಕ್ರೈಸ್ತರು. ಮಿರಿಂಗ್ ಬದಲು ಪ್ರಾರ್ಥನೆ ಇರುವ ಮನೆಗಳಿವೆ, ಎರಡೂ ಇರುವ ಮನೆಗಳೂ ಇವೆ. ‘ನಿಜವಾದ ಗವಾಯ್ ಇದಲ್ಲವಲ್ಲ’ ಎಂದು ಅತಿಥಿಯಾಗಿ ಬಂದವರು ಮೂಗು ಮುರಿಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹಬ್ಬ ಯಾವುದು ಎಂದು ಆಚರಿಸುವವರೇ ಹೇಳಲಿ. ಫೋಟೊಕ್ಕೆ ಮೊದಲು ಕೇಳಿ. ಎಡೆ ಬಡಿಸುವಾಗ ಎದ್ದು ನಡುವೆ ನಿಲ್ಲಬೇಡಿ.

ದಯಾಕರ ಉಡುಪು ತೊಟ್ಟು ಓಡಬಹುದೇ?

ಪುವಾ ಕುಂಬು ಚಿತ್ತಾರ ಮುದ್ರಿಸಿದ ಅಂಗಿ, ಜಾಕೀಟು ಪೇಟೆಯಲ್ಲಿ ಸಿಗುತ್ತವೆ. ಧಾರಾಳವಾಗಿ ತೊಡಿ, ಸಂತೋಷಪಡುತ್ತಾರೆ. ಕೈಯಲ್ಲಿ ನೇಯ್ದ ಅಸಲಿ ಬಟ್ಟೆಯನ್ನು ಕೆಸರಿಗೆ ಇಳಿಸಬೇಡಿ. ಮುಖಕ್ಕೆ ಬಣ್ಣ ಬಳಿದುಕೊಂಡು ಗರಿ ಸಿಕ್ಕಿಸಿಕೊಂಡು ‘ತಲೆ ಬೇಟೆಗಾರ’ರ ವೇಷ ಹಾಕುವುದು ಕೆಟ್ಟ ಅಭಿರುಚಿ.

ಸಸ್ಯಾಹಾರಿಗಳಿಗೆ ತಿನ್ನಲು ಏನಾದರೂ ಇರುತ್ತದೆಯೇ?

ಇರುತ್ತದೆ, ಹುಡುಕಬೇಕು. ಹಬ್ಬದ ಮುಖ್ಯ ಅಡುಗೆ ಬಿದಿರಿನ ಅಂಡೆಯಲ್ಲಿ ಕೋಳಿಮಾಂಸ, ಶುಂಠಿ, ಮಜ್ಜಿಗೆಹುಲ್ಲು, ಮರಗೆಣಸಿನ ಎಲೆ ತುಂಬಿ ಕೆಂಡದ ಬದಿಗೆ ನಿಲ್ಲಿಸಿ ಬೇಯಿಸಿದ ‘ಮಾನೊಕ್ ಪಾನ್ಸೊ’. ಹಂದಿಮಾಂಸವೂ ಇರುತ್ತದೆ. ‘ಮಿದಿನ್’ ಎಂಬ ಕಾಡು ಜರೀಗಿಡದ ಸುರುಳಿ ಚಿಗುರಿನ ಪಲ್ಯ ಕಂಡು ಕೊಡಗಿನವರು ‘ತೆರ್ಮೆ ಸೊಪ್ಪು!’ ಎಂದು ಕೈ ಹಾಕುತ್ತಾರೆ. ನಿಲ್ಲಿ. ಅದನ್ನು ಬಹಳ ಸಲ ‘ಬೆಲಾಚಾನ್’ ಎಂಬ ಸಿಗಡಿಯ ಮುದ್ದೆ ಹಾಕಿ ಹುರಿದಿರುತ್ತಾರೆ. ಕಳಲೆಯ ಪದಾರ್ಥಕ್ಕೂ ಇದೇ ಎಚ್ಚರಿಕೆ. ಬಿದಿರಿನಲ್ಲಿ ಬೆಂದ ಜಿಗುಟು ಅನ್ನ, ಹಣ್ಣು, ಅಕ್ಕಿಹಿಟ್ಟು ಬೆಲ್ಲಗಳ ‘ಪೆಂಗಾನಾನ್ ಇರಿ’ ಇವುಗಳಿಂದ ಹೊಟ್ಟೆ ತುಂಬಿಸಿಕೊಳ್ಳಬಹುದು. ಈ ಕೊನೆಯದು ನಮ್ಮ ಕಜ್ಜಾಯದ ಖಾಸಾ ತಮ್ಮ. ಯಾವ ಎಣ್ಣೆಯಲ್ಲಿ ಕರಿದದ್ದು ಎಂದೊಮ್ಮೆ ಕೇಳಿಕೊಳ್ಳಿ. ಸಸ್ಯಾಹಾರಿ ಎಂದು ನಾಲ್ಕು ದಿನ ಮೊದಲೇ ತಿಳಿಸಿದರೆ ಮನೆಯವರಿಗೂ ಮುಜುಗರವಿರುವುದಿಲ್ಲ.

ಹೆಂಗಸರು, ಮಕ್ಕಳು ಬರಬಹುದೇ?

ಮೊದಲ ಬಳಗ ಗಂಡಸರದಷ್ಟೇ ಆಗಿತ್ತು. ಆಮೇಲೆ ಹೆಂಗಸರ ‘ಹ್ಯಾರಿಯೆಟ್ಸ್’ ಬಳಗಗಳೂ ಎಲ್ಲರೂ ಸೇರುವ ಬಳಗಗಳೂ ಹುಟ್ಟಿದವು. ಗವಾಯ್‌ನಂಥ ಹಬ್ಬದ ಓಟಕ್ಕೆ ಸಾಮಾನ್ಯವಾಗಿ ಎಲ್ಲರಿಗೂ ಕರೆ. ಮಕ್ಕಳನ್ನು ಚಿಕ್ಕ ಜಾಡಿಗೆ ಕರೆತನ್ನಿ, ಸರ್ಕಲ್ ಹೊತ್ತಿಗೆ ಊಟದ ಕಡೆ ಕಳುಹಿಸಿ.

ಸರವಾಕ್‌ಗೆ ಹೋಗಲು ಬೇರೆ ಕಾಗದಪತ್ರ ಬೇಕೇ?

ಸರವಾಕ್ ಮಲೇಷ್ಯಾದ ರಾಜ್ಯವೇ ಆದರೂ ವಲಸೆ ನಿಯಂತ್ರಣ ಅದರ ಸ್ವಂತ ಕೈಯಲ್ಲಿದೆ. ಕ್ವಾಲಾಲಂಪುರದಿಂದ ಒಳನಾಡಿನ ವಿಮಾನದಲ್ಲಿ ಬಂದರೂ ಕುಚಿಂಗ್‌ನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಹಬ್ಬ ಮುಗಿಯುವುದು ಯಾವಾಗ?

ಜೂನ್ ಕೊನೆಗೆ. ಅತಿಥಿಗಳಿಗೆಂದು ಹಾಸಿದ ಚಾಪೆಗಳನ್ನು ಸುತ್ತಿಡುವ ‘ಙಿಲಿಂಗ್ ತಿಕಾಯ್’ ಶಾಸ್ತ್ರದೊಂದಿಗೆ ಮುಕ್ತಾಯ. ಅಲ್ಲಿಯವರೆಗೆ ‘ಹಬ್ಬ ಕಳೆದುಹೋಯಿತಲ್ಲ’ ಎಂದು ಸಂಕೋಚಪಡಬೇಡಿ. ಜೂನ್ ಮೂರನೆಯ ವಾರ ಹೋದವರಿಗೆ ನೂಕುನುಗ್ಗಲು ಕಡಿಮೆ, ಮಾತುಕತೆ ಹೆಚ್ಚು.

ನಮ್ಮಲ್ಲೂ ಹೀಗೆ ಮಾಡಬಾರದೇಕೆ? ಕೊಡಗಿನಲ್ಲಿ ಹುತ್ತರಿ ಹ್ಯಾಶ್?

ಈ ಪ್ರಶ್ನೆ ಪ್ರತಿ ವರ್ಷ ತಪ್ಪದೆ ಬರುತ್ತದೆ, ಸಾಧಾರಣವಾಗಿ ಮೂರನೆಯ ಲೋಟದ ಸುಮಾರಿಗೆ. ಮಾಡಬಹುದು. ಕಾಫಿ ತೋಟ, ಗದ್ದೆ, ಹೊಳೆ ಎಲ್ಲ ಇವೆ; ಜಾಡು ಹಾಕಲು ಅದಕ್ಕಿಂತ ಒಳ್ಳೆಯ ನಾಡು ಸಿಗಲಾರದು. ಆದರೆ ಹುಣ್ಣಿಮೆಯ ರಾತ್ರಿ ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಕದಿರು ಕೊಯ್ದು ಮನೆಗೆ ತರುವುದು ಆಯಾ ಒಕ್ಕದವರ, ಅಂದರೆ ಕೊಡವ ಮನೆತನದವರ, ಕಾರ್ಯ, ಅಲ್ಲಿಗೆ ಟಿ-ಶರ್ಟು ತೊಟ್ಟ ಐವತ್ತು ಮಂದಿ ಓಡಿ ಬರುವುದು ಸರಿಯಲ್ಲ. ಅದಾದ ಮೇಲಿನ ದಿನಗಳಲ್ಲಿ ಮಂದ್ ಎಂಬ ಊರ ಬಯಲುಗಳಲ್ಲಿ ಕೋಲಾಟ ನಡೆಯುತ್ತದೆ. ಆ ವಾರದಲ್ಲಿ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಎಲ್ಲ ಗದ್ದೆಗಳ ಕೊಯ್ಲು ಮುಗಿದಿರುವುದಿಲ್ಲ, ಬೈಲಿಗೆ ಇಳಿಯದೆ ತೋಟದ ದಾರಿಯಲ್ಲೇ ಜಾಡು ಹಾಕಬೇಕು. ಡಿಸೆಂಬರ್ ಎಂದರೆ ಕಾಫಿ ಹಣ್ಣಾಗುವ ಕಾಲ, ಗಿಡಗಳ ನಡುವೆ ನುಗ್ಗುವಂತಿಲ್ಲ. ಆನೆ ಓಡಾಡುವ ಕಡೆ ಅರಣ್ಯ ಇಲಾಖೆಯನ್ನು ಕೇಳದೆ ಹೆಜ್ಜೆ ಇಡಬೇಡಿ. ಮೊದಲ ಕೆಲಸವಾಗಿ ತೋಟದ ಮಾಲೀಕರೊಬ್ಬರನ್ನು ಗೆಳೆಯರನ್ನಾಗಿ ಮಾಡಿಕೊಳ್ಳಿ, ಕಾಗದ ಹರಿಯುವುದು ಆಮೇಲೆ.